ಬೀದರ್ ಮರಡಿಯಿಂದ ಯಾದಗಿರಿ ಗುಡ್ಡದವರೆಗೆ: ಕಂದೀಲು ಹೂವಿನ ಜಾಡಿನಲ್ಲಿ

ಮೊದಲ ದಿನ: ಬೀದರ್, ಕೆಂಪುಕಲ್ಲಿನ ಮೇಲೆ

ಶ್ರಾವಣ ಮುಗಿದು ಗಣೇಶ ಚೌತಿ ಹತ್ತಿರ ಬಂದಾಗ ಬೀದರ್ ಸೀಮೆಯ ಮರಡಿಗಳಲ್ಲಿ ಕಂದೀಲು ಹೂ ಅರಳುತ್ತದೆ. ಮಳೆ ಹಿಡಿದ ರೀತಿ ನೋಡಿಕೊಂಡು ವಾರ ಎರಡು ವಾರ ಹಿಂದೆ ಮುಂದೆ ಆಗುವುದುಂಟು. ಜೂನ್‌ನಲ್ಲಿ ನೆಲ ನೆನೆಯುವಷ್ಟು ಸುರಿದಿದ್ದರೆ ಜುಲೈ ಹೊತ್ತಿಗೆ ನೆಲದೊಳಗಿನ ಗಡ್ಡೆಯಿಂದ ಬಳ್ಳಿ ಎದ್ದಿರುತ್ತದೆ, ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಹೂ. ಮುಂಗಾರು ಕೈಕೊಟ್ಟ ವರ್ಷ ಎಷ್ಟೋ ಗಡ್ಡೆಗಳು ಚಿಗುರನ್ನೇ ಕಳಿಸದೆ ನೆಲದೊಳಗೆ ಮಲಗಿಬಿಡುತ್ತವೆ. ಅಂಥ ವರ್ಷ ಈ ದಾರಿ ಹಿಡಿಯದಿರುವುದೇ ಒಳ್ಳೆಯದು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಿರೊಪೀಜಿಯಾ ಬಲ್ಬೋಸಾ. ಎಕ್ಕೆ ಗಿಡದ ಕುಟುಂಬಕ್ಕೆ ಸೇರಿದ್ದು. ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲಿ ಕೋರಮಂಡಲ ಕರಾವಳಿಯ ಗಿಡಗಳ ಚಿತ್ರಸಂಪುಟದಲ್ಲಿ ಇದನ್ನು ವರ್ಣಿಸಿದ. ಮರಾಠಿ ಮಾತಾಡುವ ಕಡೆ ಈ ಜಾತಿಯ ಹೂಗಳಿಗೆಲ್ಲ ಕಂದೀಲ್ ಪುಷ್ಪ ಎನ್ನುತ್ತಾರೆ. ದೇಶದ ಒಣನಾಡುಗಳಲ್ಲಿ ಅಲ್ಲಲ್ಲಿ ಚದುರಿಕೊಂಡಿದೆ. ಹೀಗೆ ಚದುರಿರುವುದರಿಂದಲೇ ‘ಎಲ್ಲಾದರೂ ಇದ್ದೇ ಇರುತ್ತದೆ’ ಎಂಬ ಸಡಿಲು ನೆಮ್ಮದಿ ಹುಟ್ಟಿದೆ. ಮರಡಿ ಮರಡಿಯಾಗಿ ಅದು ಕಾಣೆಯಾಗುತ್ತಿದ್ದರೂ ಯಾವ ಪಟ್ಟಿಯಲ್ಲೂ ಗಂಟೆ ಬಾರಿಸುವುದಿಲ್ಲ.

ಬೀದರ್ ನಗರ ಇರುವುದು ಸಮುದ್ರಮಟ್ಟದಿಂದ 650 ಮೀಟರ್‌ಗೂ ಎತ್ತರದಲ್ಲಿ, ಜಂಬಿಟ್ಟಿಗೆಯ ಪದರದ ಮೇಲೆ. ಕೆಳಗೆ ಕಪ್ಪು ಬಸಾಲ್ಟ್, ಮೇಲೆ ತೂತುತೂತಾದ ಕೆಂಪುಕಲ್ಲು. ಮಳೆನೀರು ಕೆಂಪುಕಲ್ಲಿನ ತೂತುಗಳಲ್ಲಿ ಇಳಿದು, ಅಡಿಯ ಜೇಡಿಗೆ ತಾಕಿ, ಮುಂದೆ ಇಳಿಯಲಾಗದೆ ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ಪಾಪನಾಶ, ನಾನಕ್ ಝೀರಾ ಎಲ್ಲವೂ ಹೀಗೆ ಹುಟ್ಟಿದವು. ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗವನ್ನು ತೋಡಿದವರು ನಂಬಿದ್ದೂ ಇದೇ ನೀರನ್ನು. ಕಂದೀಲು ಹೂ ನೋಡಲು ಬಂದವರು ಈ ಕಲ್ಲನ್ನು ಮೊದಲು ಅರಿಯಬೇಕು, ಏಕೆಂದರೆ ಹೂವಿಗೂ ಝರಿಗೂ ಬೇಕಾದದ್ದು ಕೆಡದೆ ಉಳಿದ ಅದೇ ಮೇಲ್ಮೈ.

ಊರು ದಾಟಿ ಹೊನ್ನಿಕೇರಿ ಅರಣ್ಯದ ಕಡೆ ನಡೆದರೆ ಮರವಿಲ್ಲದ ಬಯಲು ಮರಡಿಗಳು ಸಿಗುತ್ತವೆ. ಮಣ್ಣು ಎಷ್ಟೋ ಕಡೆ ಗೇಣುದ್ದವೂ ಇಲ್ಲ. ಕಲ್ಲಿನ ಕುಳಿಯಲ್ಲಿ ಒಂದಿಷ್ಟು ಮುರುಮ ಅಂದರೆ ಗರಸು ಮಣ್ಣು, ಒಂದಿಷ್ಟು ಕೊಳೆತ ಹುಲ್ಲು. ಜೂನ್‌ವರೆಗೆ ಹೆಂಚಿನಂತೆ ಕಾದಿದ್ದ ನೆಲ ಮಳೆ ಬಿದ್ದ ತಿಂಗಳಲ್ಲಿ ಹಸಿರಾಗುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ಎರಿಯೊಕಾಲಾನ್‌ನ ಬಿಳಿ ಗುಂಡಿಗಳು, ಅಂಚಿಗೆ ನೀಲಿ ಸಯನೋಟಿಸ್ ಮತ್ತು ಮುರ್ಡಾನಿಯ. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಗಿಡಗಳು ಬದುಕುವ ಕ್ರಮವೇ ಇಲ್ಲಿಯೂ ನಡೆಯುತ್ತದೆ: ತೆಳು ಮಣ್ಣು, ಎರಡು ಮೂರು ತಿಂಗಳ ಬೆಳೆಗಾಲ, ಉಳಿದಷ್ಟು ದಿನ ನೆಲದೊಳಗಿನ ವಾಸ. ಅಲ್ಲಿ ಹಿಮ ಅಟ್ಟುತ್ತದೆ, ಇಲ್ಲಿ ಬಿಸಿಲು. ಸಾತಾರದ ಕಾಸ್ ಪಠಾರವೂ ಇಂಥದೇ ಕೆಂಪುಕಲ್ಲಿನದು. ಆದರೆ ಅದು ಪಶ್ಚಿಮಘಟ್ಟದ ಭಾಗವಾಗಿ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬೀದರ್‌ಗೆ ಬೀಳುವುದು ವರ್ಷಕ್ಕೆ 850 ಮಿ.ಮೀ. ಆಸುಪಾಸಿನ ಮಳೆ, ಹಾಗಾಗಿ ಇಲ್ಲಿನ ಹೂಗಳು ಚಾಪೆ ಹಾಸುವುದಿಲ್ಲ, ಬಿಡಿಬಿಡಿಯಾಗಿ ಹುಡುಕಿಸಿಕೊಳ್ಳುತ್ತವೆ.

ಹುಡುಕುವ ಕ್ರಮ ಹೀಗೆ. ಬಯಲಲ್ಲಿ ಕಣ್ಣು ಹಾಯಿಸಿ ಪ್ರಯೋಜನವಿಲ್ಲ, ಕಂಟಿಗಳ ಬುಡ ನೋಡಬೇಕು. ಕಾರೆಕಂಟಿ, ಬಾರಿಕಂಟಿ, ಬಂದರಿಕೆ: ಮೇಕೆಯ ಬಾಯಿ ಹೋಗದಷ್ಟು ಒತ್ತಾದ, ಮೊಣಕಾಲಿನಿಂದ ಸೊಂಟದೆತ್ತರದ ಪೊದೆಗಳು. ಬಳ್ಳಿ ಪೆನ್ಸಿಲ್‌ಗಿಂತ ಸಣ್ಣದು, ನುಣುಪು, ಪೊದೆಯ ಒಳಗೆ ಸುತ್ತಿಕೊಂಡು ಬೆಳಕಿಗೆ ತುದಿ ಚಾಚಿರುತ್ತದೆ. ಆದ್ದರಿಂದ ಕಂಟಿಯ ನೆತ್ತಿಯಲ್ಲಿ ಸುತ್ತುವ ಎಳೆಯನ್ನು ಮೊದಲು ಗುರುತಿಸಿ, ಅಲ್ಲಿಂದ ಬುಡಕ್ಕೆ ಇಳಿಯಬೇಕು. ಎಲೆಗಳು ಎದುರುಬದುರಾಗಿ ಇರುತ್ತವೆ, ದಪ್ಪ, ರಸಭರಿತ. ಆಕಾರ ಮಾತ್ರ ನಂಬಬಾರದು: ಒಂದು ಬಳ್ಳಿಗೆ ದುಂಡೆಲೆ, ಇನ್ನೊಂದಕ್ಕೆ ಹುಲ್ಲಿನಂಥ ಸಪೂರ ಎಲೆ.

ಹೊಸಬರು ಎಡವುವುದು ಸೊಗದೆ ಬಳ್ಳಿಯಲ್ಲಿ. ಅದರ ಎಲೆಯೂ ದುಂಡಿನಿಂದ ಸಪೂರದವರೆಗೆ ಬದಲಾಗುತ್ತದೆ, ಅದೂ ಕಂಟಿಯನ್ನೇ ಸುತ್ತುತ್ತದೆ. ಆದರೆ ಸೊಗದೆಯ ಎಲೆ ತೆಳು ಮತ್ತು ಗಡಸು, ನಡುನರದ ಗುಂಟ ಬಿಳಿ ಛಾಯೆ ಇರುತ್ತದೆ, ಕಾಂಡ ತಂತಿಯಂತೆ. ಬೆರಳಲ್ಲಿ ಎಲೆ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಬೇರು ಕಿತ್ತು ನೋಡುವ ಅಗತ್ಯವೇ ಇಲ್ಲ.

ಹೂವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ನೋಡಬೇಕು. ಒಟ್ಟು ಉದ್ದ ಸುಮಾರು 2 ಸೆಂ.ಮೀ. ಬುಡದಲ್ಲಿ ತಿಳಿಹಸಿರಾದ ಉಬ್ಬಿದ ಕೋಣೆ, ಅದರ ಮೇಲೆ ಸಪೂರ ಕೊಳವೆ, ಕೊಳವೆಯ ಬಾಯಿಯಿಂದ ಎದ್ದ ಐದು ಕೆನ್ನೇರಳೆ ಎಸಳು. ಎಸಳ ತುದಿಗಳು ನೆತ್ತಿಯಲ್ಲಿ ಒಂದಕ್ಕೊಂದು ಅಂಟಿ ಐದು ಕಿಟಕಿಯ ಪಂಜರವಾಗುತ್ತವೆ. ವಾಸನೆಗೆ ಸೋತ ಒಂದೆರಡು ಮಿಲಿಮೀಟರ್‌ನ ಸಣ್ಣ ನೊಣ ಕಿಟಕಿಯಿಂದ ಒಳಹೊಕ್ಕು ಕೊಳವೆಗೆ ಜಾರುತ್ತದೆ. ಕೊಳವೆಯ ಒಳಗೋಡೆಯ ರೋಮಗಳೆಲ್ಲ ಕೆಳಮುಖ. ಇಳಿಯಲು ದಾರಿ, ಏರಲು ತಡೆ. ಕೋಣೆಯಲ್ಲಿ ಸಿಕ್ಕಿಬಿದ್ದ ನೊಣ ತಡಕಾಡುವಾಗ ಜೋಡಿ ಪರಾಗಚೀಲವೊಂದು ಕೊಕ್ಕೆಯ ಸಮೇತ ಅದರ ಬಾಯಿಭಾಗಕ್ಕೆ ಕಚ್ಚಿಕೊಳ್ಳುತ್ತದೆ. ಮುಂದೆ ರೋಮಗಳು ಬಾಡುತ್ತವೆ, ಹೂ ವಾಲುತ್ತದೆ, ನೊಣ ಬಿಡುಗಡೆಯಾಗಿ ಹೊರಬೀಳುತ್ತದೆ. ಅದು ಇನ್ನೊಂದು ಬಳ್ಳಿಯ ಹೂವಿಗೆ ಬಿದ್ದು, ಅಲ್ಲಿನ ಸೀಳಿಗೆ ಚೀಲ ಸರಿಯಾಗಿ ಸೇರಿದರೆ ಮಾತ್ರ ಕಾಯಿ. ಹೂ ಧಾರಾಳವಾಗಿದ್ದೂ ಕಾಯಿ ಬೆರಳೆಣಿಕೆಯಾಗಿರುವುದಕ್ಕೆ ಕಾರಣ ಇಷ್ಟು ಕೊಂಡಿಗಳಿರುವುದು. ಬಳ್ಳಿ ಒಂಟಿಯಾದ ಕಡೆ ಹೂವೆಲ್ಲ ಉದುರಿ ಹೋಗುತ್ತದೆ. ಒಂದು ಮರಡಿಯಲ್ಲಿ ಹತ್ತಾರು ಬಳ್ಳಿ ಇದ್ದದ್ದು ಎರಡು ಮೂರಕ್ಕೆ ಇಳಿದರೆ ಗಡ್ಡೆ ಇನ್ನೂ ಎಷ್ಟು ವರ್ಷ ಬದುಕಿದರೂ ಆ ಜಾಗದಲ್ಲಿ ಹೊಸ ಗಿಡ ಹುಟ್ಟುವುದು ಹೆಚ್ಚುಕಡಿಮೆ ನಿಂತಂತೆ.

ಮಧ್ಯಾಹ್ನದ ನಂತರ ನೋಡಬೇಕಾದ್ದು ಕಲ್ಲಿನ ಗಣಿಯ ಅಂಚು. ಕೆಂಪುಕಲ್ಲು ನೆಲದಲ್ಲಿರುವಾಗ ಮೆದು, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿ. ಬೀದರ್ ಕೋಟೆಯ ಕಂದಕ ತೋಡಲು ಸಾಧ್ಯವಾದದ್ದೂ ಈ ಗುಣದಿಂದಲೇ. ಇಟ್ಟಿಗೆ ಕೊಯ್ಯುವಾಗ ಮೊದಲು ಮಾಡುವ ಕೆಲಸ ಮೇಲಿನ ಮಣ್ಣು ಮತ್ತು ಮುರುಮ ಕೆರೆದು ಪಕ್ಕಕ್ಕೆ ತಳ್ಳುವುದು. ಕಂದೀಲು ಹೂವಿನ ಗಡ್ಡೆ ಇರುವುದು ಆ ಕೆರೆದು ತಳ್ಳುವ ಪದರದಲ್ಲೇ. ಗುಡ್ಡೆ ಹಾಕಿದ ಮಣ್ಣಿನ ಅಡಿಗೆ ಸಿಕ್ಕ ಗಡ್ಡೆ ಒಂದೆರಡು ಮಳೆಗಾಲ ಒದ್ದಾಡಿ ಕೊಳೆಯುತ್ತದೆ. ಗಣಿ ಮುಗಿದ ಮೇಲೆ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಅಂಚಿಗೆ ಬಳ್ಳಾರಿ ಜಾಲಿ ಹಿಡಿಯುತ್ತದೆ. ಆ ಮೇಲ್ಮೈ ಮರಳಿ ಬರುವುದಿಲ್ಲ, ಕಲ್ಲಿನ ಕುಳಿಯಲ್ಲಿ ಬೆರಳಷ್ಟು ಮಣ್ಣು ಕೂಡಲು ಎಷ್ಟೋ ತಲೆಮಾರು ಬೇಕು.

ಹೊಲದ ಬದುಗಳ ಕಥೆ ಬೇರೆ. ಬೀದರ್ ಈಗ ಸೋಯಾ ಬೆಳೆಯುವ ಜಿಲ್ಲೆ. ಬಿತ್ತಿದ ಹದಿನೈದು ಇಪ್ಪತ್ತು ದಿನಕ್ಕೆ ಕಳೆನಾಶಕ ಹೊಡೆಯುತ್ತಾರೆ, ಅಂದರೆ ಗಡ್ಡೆ ಚಿಗುರು ಬಿಡುವ ಹೊತ್ತಿಗೇ. ಬದುವಿನ ಮೇಲೆ ಗ್ಲೈಫೋಸೇಟ್ ಬಿದ್ದರೆ ಅದು ಎಲೆಯನ್ನು ಸುಟ್ಟು ಸುಮ್ಮನಾಗುವ ಔಷಧವಲ್ಲ. ಎಲೆಯಿಂದ ರಸದ ಜೊತೆ ಇಳಿದು ಗಡ್ಡೆಯನ್ನೇ ಕೊಲ್ಲುತ್ತದೆ. ಮೇಕೆ ಮೇದರೆ ಬಳ್ಳಿ ಮತ್ತೆ ಚಿಗುರುತ್ತದೆ, ಗ್ಲೈಫೋಸೇಟ್‌ಗೆ ಸಿಕ್ಕ ಗಡ್ಡೆ ಚಿಗುರುವುದಿಲ್ಲ. ಆಗಸ್ಟ್‌ನಲ್ಲಿ ಕೀಡೆಗೆಂದು ಹೊಡೆಯುವ ಕೀಟನಾಶಕ ಹೂ ಅರಳುವ ವೇಳೆಗೇ ಸರಿಯಾಗಿ ಬೀಳುತ್ತದೆ, ನೊಣಗಳು ಹೋಗುತ್ತವೆ. ಬದುವಿಗೆ ತಾಕದಂತೆ ಆರಡಿ ಪಟ್ಟಿ ಬಿಟ್ಟು, ಗಾಳಿ ಇಲ್ಲದ ಬೆಳಗಿನಲ್ಲಿ ನಳಿಕೆ ತಗ್ಗಿಸಿ ಹೊಡೆದರೆ ರೈತರಿಗೆ ಬೆಳೆಯಲ್ಲಿ ನಷ್ಟವಿಲ್ಲ, ಬದು ಬದುಕುತ್ತದೆ.

ಎರಡನೇ ದಿನ: ಚಿಂಚೋಳಿಯ ಕಾಡು

ಬೀದರ್‌ನಿಂದ ಮನ್ನಾಎಖೇಳ್ಳಿ ದಾಟಿ ಚಿಂಚೋಳಿಗೆ ಸುಮಾರು 60 ಕಿ.ಮೀ. ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ, ವಿಸ್ತೀರ್ಣ 134.88 ಚದರ ಕಿ.ಮೀ. ಚಂದ್ರಂಪಳ್ಳಿ ಅಣೆಕಟ್ಟು, ಗೊಟ್ಟಂಗೊಟ್ಟ, ಕುಂಚಾವರಂ ಇವೆಲ್ಲ ಈ ಕಾಡಿನ ಹೆಸರುಗಳು. ತೆಲಂಗಾಣದ ಗಡಿ ಪಕ್ಕದಲ್ಲೇ ಇದೆ, ತಾಂಡಾಗಳಲ್ಲಿ ಲಂಬಾಣಿ, ಹಳ್ಳಿಗಳಲ್ಲಿ ಕನ್ನಡ ತೆಲುಗು ಎರಡೂ ಓಡುತ್ತವೆ. ಧಾಮದೊಳಗೆ ಅಧ್ಯಯನಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ಲಿಖಿತವಾಗಿ ಪಡೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಧಾಮದಿಂದ ಗಿಡ, ಗಡ್ಡೆ, ಬೀಜ ಯಾವುದನ್ನೂ ತೆಗೆಯುವಂತಿಲ್ಲ.

ಕಾಡು ಎಂದಕೂಡಲೇ ಹೂ ಹೆಚ್ಚು ಎಂದುಕೊಳ್ಳಬಾರದು. ಕಂದೀಲು ಹೂವಿಗೆ ಚದುರು ಬೆಳಕು ಬೇಕು. ದಟ್ಟ ನೆರಳಿನ ಸಾಗುವಾನಿ ನೆಡುತೋಪಿನ ಅಡಿ ಅದು ಸಿಗುವುದಿಲ್ಲ. ಸಿಗುವುದು ಮರಗಳ ನಡುವಿನ ಕಲ್ಲುಬಯಲಿನ ಅಂಚಿನಲ್ಲಿ, ಸೀತಾಫಲದ ಪೊದೆಗಳಲ್ಲಿ, ಇಳಿಜಾರಿನ ಮುರುಮ ನೆಲದಲ್ಲಿ. ಅರಣ್ಯೀಕರಣದಲ್ಲಿ ಒಂದು ಹಳೆಯ ರೂಢಿ ಇಂಥ ಬಯಲುಗಳಿಗೆ ಮುಳುವಾಗಿದೆ. ಮರವಿಲ್ಲದ ಕಲ್ಲುಬಯಲನ್ನು ಖಾಲಿ ಜಾಗ ಎಂದು ಲೆಕ್ಕ ಹಿಡಿದು, ಜೆಸಿಬಿಯಿಂದ ಕಂದಕ ಹೊಡೆಸಿ, ಎರಡು ಎರಡೂವರೆ ಅಡಿ ಗುಂಡಿ ತೋಡಿ ಸಸಿ ನೆಡುವುದು. ನೀರಿಂಗಿಸುವ ಉದ್ದೇಶ ಒಳ್ಳೆಯದೇ. ಆದರೆ ಗೇಣುದ್ದ ಮಣ್ಣಿರುವ ಕಡೆ ಕಂದಕ ಹೊಡೆದರೆ ಇದ್ದ ಮಣ್ಣೆಲ್ಲ ತಲೆಕೆಳಗಾಗುತ್ತದೆ, ಅಡಿಗಲ್ಲು ಮೇಲೆ ಬರುತ್ತದೆ, ನೆಟ್ಟ ಸಸಿ ಎರಡನೇ ಬೇಸಿಗೆಗೆ ಒಣಗುತ್ತದೆ. ಹೂವೂ ಹೋಯಿತು, ಮರವೂ ಬರಲಿಲ್ಲ. ಇಂಥ ಜಾಗ ಗುರುತಿಸಲು ಸುಲಭದ ದಾರಿ ಇದೆ: ಕಬ್ಬಿಣದ ಸಲಾಕೆಯನ್ನು ಹತ್ತಾರು ಕಡೆ ಚುಚ್ಚಿ ನೋಡಿ, ಒಂದಡಿಯೊಳಗೆ ಕಲ್ಲು ತಾಕುವ ತಾಣಗಳನ್ನು ನೆಡುವ ನಕ್ಷೆಯಿಂದ ಕೈಬಿಡಬೇಕು. ನಕ್ಷೆ ತಯಾರಾಗುವ ಮೊದಲು ಇದನ್ನು ವಲಯ ಅರಣ್ಯಾಧಿಕಾರಿಯವರ ಗಮನಕ್ಕೆ ತಂದರೆ ಕೆಲಸವಾಗುತ್ತದೆ, ಜೆಸಿಬಿ ಬಂದಮೇಲೆ ಆಗುವುದಿಲ್ಲ.

ಎಣಿಕೆಯನ್ನು ಇಲ್ಲಿ ಶಿಸ್ತಿನಿಂದ ಮಾಡಬೇಕು. 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕವನ್ನು ಹಗ್ಗ ಹಿಡಿದು ಗುರುತಿಸಿ, ಅದರೊಳಗಿನ ಪ್ರತಿ ಕಂಟಿಯನ್ನು ಸುತ್ತಿ ನೋಡುವುದು. ಬರೆದುಕೊಳ್ಳುವುದು ಐದು ಸಂಗತಿ: ಬಳ್ಳಿ ಎಷ್ಟು, ಹೂವಿರುವುದು ಎಷ್ಟು, ಕಾಯಿ ಕಟ್ಟಿರುವುದು ಎಷ್ಟು, ಆಸರೆ ಕಂಟಿ ಯಾವುದು, ತುದಿ ಮೇದಿದೆಯೇ. ಬಳ್ಳಿ ಎಣಿಸಿದ್ದೇ ಗಡ್ಡೆಯ ಲೆಕ್ಕವಲ್ಲ; ಮಲಗಿದ ಗಡ್ಡೆ ಎಣಿಕೆಗೆ ಸಿಗುವುದಿಲ್ಲ. ಒಂದೇ ವರ್ಷದ ಅಂಕಿ ನೋಡಿ ‘ಹೆಚ್ಚಿದೆ’, ‘ಅಳಿದಿದೆ’ ಎಂದು ಬರೆಯುವುದು ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು. ಅದೇ ಚೌಕವನ್ನು ಕನಿಷ್ಠ ಮೂರು ಮಳೆಗಾಲ, ಅದೇ ವಾರದಲ್ಲಿ ಎಣಿಸಿ, ಆ ವರ್ಷದ ಜೂನ್ ಜುಲೈ ಮಳೆಯ ಪಕ್ಕ ಇಟ್ಟು ನೋಡಬೇಕು. ಬಳ್ಳಿಗಿಂತ ಕಾಯಿಯ ಲೆಕ್ಕ ಹೆಚ್ಚು ನಿಜ ಹೇಳುತ್ತದೆ.

ಫೋಟೊ ತೆಗೆಯುವ ಮೊದಲು ಮೊಬೈಲ್ ಕ್ಯಾಮೆರಾದಲ್ಲಿ ಸ್ಥಳದ ಗುರುತು ದಾಖಲಾಗುವ ಆಯ್ಕೆಯನ್ನು ಆಫ್ ಮಾಡಬೇಕು. ಅಲಂಕಾರಕ್ಕೆಂದು ಇಂಥ ಗಡ್ಡೆಗಳನ್ನು ಆನ್‌ಲೈನ್‌ನಲ್ಲಿ ಮಾರುವವರು ಕೊಳ್ಳುವವರು ಇಬ್ಬರೂ ಇದ್ದಾರೆ. ಸ್ಥಳದ ಅಂಕಿ ಸಮೇತ ಹರಿದಾಡುವ ಒಂದು ಚಿತ್ರ ಒಂದು ಮರಡಿಯನ್ನು ಬರಿದು ಮಾಡಲು ಸಾಕು. ಈ ಬರಹದಲ್ಲೂ ಮರಡಿಗಳ ನಿಖರ ಜಾಗ ಕೊಡದಿರುವುದು ಅದಕ್ಕಾಗಿಯೇ.

ಚಿಂಚೋಳಿ ಬೇಲಿಗಳಲ್ಲಿ ಈ ಹೊತ್ತಿಗೆ ಗೌರಿ ಹೂವೂ ಅರಳಿರುತ್ತದೆ, ಕೆಂಪು ಹಳದಿ ಎಸಳು ಮೇಲಕ್ಕೆ ಮಡಚಿ ಉರಿಯುವಂತೆ ಕಾಣುವ ಬಳ್ಳಿ. ಕಣ್ಣಿಗೆ ಬೇಗ ಬೀಳುವುದೇ ಅದರ ಕಷ್ಟ. ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಇದೆ, ಔಷಧ ಉದ್ಯಮಕ್ಕೆ ಅದು ಬೇಕು. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನು ಹೊಲದಲ್ಲೇ ಬೆಳೆಯುತ್ತಾರೆ, ಆದರೆ ನಾಟಿಗೆ ಬೇಕಾದ ಗಡ್ಡೆಗಾಗಿ ಕಾಡಿನ ಗಡ್ಡೆ ಅಗೆದದ್ದು ಬಹಳ. ಕವಲೊಡೆದ ಆ ಗಡ್ಡೆಯ ಪ್ರತಿ ತುದಿಗೆ ಇರುವುದು ಒಂದೇ ಕಣ್ಣು. ಅಗೆಯುವಾಗ ಅದು ಮುರಿದರೆ ಗಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ. ಇದು ತಿನ್ನುವ ಗಡ್ಡೆಯಲ್ಲ, ಜೀವ ತೆಗೆಯುವ ವಿಷ. ಮಕ್ಕಳಿಗೆ ಕಂದೀಲು ಹೂವಿನ ದುಂಡನೆಯ ಗಡ್ಡೆಯ ಬಗ್ಗೆ ಹೇಳುವವರು ಈ ಉದ್ದ ಗಡ್ಡೆಯ ಬಗ್ಗೆಯೂ ಹೇಳಲೇಬೇಕು.

ಕುರಿಗಾಹಿಗಳ ಜೊತೆ ಮಾತಾಡದೆ ಈ ದಿನ ಮುಗಿಸಬಾರದು. ‘ಕಾಕಾ, ಈ ಕಡೆ ಇಂಥ ಹೂ ಕಂಡೀರೇನ್ರಿ?’ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ, ಅಷ್ಟು ಸಣ್ಣ ಹೂ ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ. ಹಸಿಯಾಗಿ ತಿನ್ನುವ ದುಂಡು ಗಡ್ಡಿಯ ಬಗ್ಗೆ ಕೇಳಬೇಕು. ಗಡ್ಡೆ ಅಗೆದು ಸಿಪ್ಪೆ ತೆಗೆದು ತಿನ್ನುವುದು, ಬೇಯಿಸಿ ತಿನ್ನುವುದು ಒಣನಾಡಿನ ಹಳೆಯ ರೂಢಿ. ಹಿಂಡಿನ ಹಿಂದೆ ತಿರುಗುವವರು ಅಲ್ಲೊಂದು ಇಲ್ಲೊಂದು ಕಿತ್ತದ್ದರಿಂದ ಈ ಗಿಡ ಅಳಿದದ್ದಲ್ಲ. ಮೇವಿನ ವಿಷಯದಲ್ಲೂ ಹಾಗೆಯೇ. ಜುಲೈನಲ್ಲಿ ತುದಿ ಮೇದ ಬಳ್ಳಿ ಬುಡದಿಂದ ಮತ್ತೆ ಒಡೆಯುತ್ತದೆ. ಮೊಗ್ಗು ಬಂದಮೇಲೆ ಮೇದರೆ ಆ ವರ್ಷದ ಬೀಜ ಮಾತ್ರ ಹೋಗುತ್ತದೆ. ಮೇಯಿಸುವುದನ್ನು ಪೂರ್ತಿ ನಿಲ್ಲಿಸಿ ಬೇಲಿ ಹಾಕಿದ ಕಡೆ ಹುಲ್ಲು ಆಳೆತ್ತರ ಬೆಳೆದು, ಜಾಲಿ ಲಂಟಾನ ನುಗ್ಗಿ, ಸಣ್ಣ ಗಿಡಗಳಿಗೆ ಬೆಳಕೇ ಸಿಗದಂತಾಗುತ್ತದೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ಕೊನೆವರೆಗೆ ಹಿಂಡನ್ನು ಬೇರೆ ಕಡೆ ತಿರುಗಿಸಿದರೆ ಸಾಕು. ಅದನ್ನು ಒಪ್ಪಿಸಬೇಕಾದ್ದು ಕುರಿಗಾಹಿಗಳನ್ನು ಎದುರು ಹಾಕಿಕೊಂಡಲ್ಲ, ಜೊತೆ ಕೂತು.

ಮೂರನೇ ದಿನ: ಸೇಡಂ ದಾರಿ

ಚಿಂಚೋಳಿಯಿಂದ ಸೇಡಂ ಕಡೆ ಇಳಿದರೆ ಕಲ್ಲು ಬದಲಾಗುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲ ಭೀಮಾ ತಪ್ಪಲಿನ ಸುಣ್ಣಕಲ್ಲಿನ ಸೀಮೆ. ಹಾಸುಗಲ್ಲು ಅಂದರೆ ಫರ್ಸಿ, ಅದರ ಮೇಲೆ ಎರೆಮಣ್ಣು, ಎರೆಮಣ್ಣಿನ ತುಂಬ ತೊಗರಿ. ಕಾಗಿಣಾ ದಂಡೆಯ ಮಳಖೇಡದ ಸುತ್ತ ಸಿಮೆಂಟಿನ ಗಣಿಗಳು. ಎರೆಮಣ್ಣು ನೀರು ಹಿಡಿದು ನಿಲ್ಲಿಸುತ್ತದೆ, ಬೇಸಿಗೆಯಲ್ಲಿ ಸೀಳು ಬಿಟ್ಟು ಬಾಯಿ ತೆರೆಯುತ್ತದೆ. ಕಂದೀಲು ಹೂವಿನ ಗಡ್ಡೆಗೆ ಎರಡೂ ಆಗಿಬರುವುದಿಲ್ಲ. ಉಳುಮೆ ಇಲ್ಲದ ತುಣುಕು ಜಾಗಗಳು ಫರ್ಸಿ ಗಣಿಯ ತ್ಯಾಜ್ಯದ ಗುಡ್ಡೆಯಡಿ ಹೋಗಿವೆ. ನೋಡಲು ಇಲ್ಲಿ ಹೆಚ್ಚೇನಿಲ್ಲ, ದಾರಿ ಉದ್ದ. ಹಾಗಾಗಿ ಬೀಜದಿಂದ ಗಿಡ ಮಾಡುವ ಕ್ರಮವನ್ನು ಇಲ್ಲೇ ಹೇಳುವುದು ಸೂಕ್ತ.

ಕಾಯಿ ಜೋಡಿಯಾಗಿ, ಸಣ್ಣ ಕೊಂಬುಗಳಂತೆ ಬರುತ್ತದೆ. ಹಸಿರು ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗಿದ ಕೂಡಲೇ ತೆಳು ಮಲ್ಮಲ್ ಬಟ್ಟೆಯ ಚೀಲ ಕಟ್ಟಬೇಕು. ಒಂದು ದಿನ ತಡವಾದರೆ ಕಾಯಿ ಒಂದು ಬದಿ ಸೀಳಿ, ರೇಷ್ಮೆಯ ಜುಟ್ಟಿನ ಬೀಜಗಳೆಲ್ಲ ಗಾಳಿಗೆ ಹೋಗಿರುತ್ತವೆ. ಧಾಮದ ಹೊರಗೆ, ಜಾಗದವರ ಒಪ್ಪಿಗೆ ಪಡೆದು ಮಾತ್ರ ಈ ಕೆಲಸ. ಒಂದು ಮರಡಿಯ ಕಾಯಿಗಳಲ್ಲಿ ನಾಲ್ಕರಲ್ಲೊಂದಕ್ಕಿಂತ ಹೆಚ್ಚು ಮುಟ್ಟಬಾರದು, ಒಂದೇ ಬಳ್ಳಿಯಿಂದ ಎಲ್ಲವನ್ನೂ ತೆಗೆಯಬಾರದು. ಈ ಬೀಜ ಡಬ್ಬಿಯಲ್ಲಿ ವರ್ಷಗಟ್ಟಲೆ ಕಾಯುವ ಜಾತಿಯದಲ್ಲ, ತಿಂಗಳು ಕಳೆದಂತೆ ಮೊಳೆಯುವ ಶಕ್ತಿ ಇಳಿಯುತ್ತದೆ. ಸಿಕ್ಕ ವಾರದಲ್ಲೇ ಬಿತ್ತುವುದು ಲೇಸು.

ಮಣ್ಣಿನ ಮಿಶ್ರಣ: ಜರಡಿ ಹಿಡಿದ ಮುರುಮ ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು ಪಾಲು. ಹೊಲದ ಎರೆಮಣ್ಣು ಒಂದು ಹಿಡಿಯೂ ಬೇಡ. ಜುಟ್ಟು ತೆಗೆದು, ಬೀಜವನ್ನು ಚಪ್ಪಟೆಯಾಗಿ ಮಲಗಿಸಿ, ಮೇಲೆ 2ರಿಂದ 3 ಮಿ.ಮೀ. ಮರಳು ಉದುರಿಸಬೇಕು. ಅರ್ಧ ಬಿಸಿಲು ತಡೆಯುವ ಹಸಿರು ನೆರಳು ಪರದೆಯ ಅಡಿ ಇಟ್ಟು, ಹೂಜಿ ಬದಲು ಸಿಂಪಡಕದಿಂದ ನೀರು ಕೊಟ್ಟರೆ ಒಂದರಿಂದ ಮೂರು ವಾರದಲ್ಲಿ ಮೊಳಕೆ. ಮೊದಲ ಋತುವಿನಲ್ಲಿ ಗಡ್ಡೆ ಕಡಲೆ ಕಾಳಿನ ಗಾತ್ರ ಮುಟ್ಟಿದರೆ ಅದೇ ದೊಡ್ಡದು. ಎಲೆ ಹಳದಿಯಾದಾಗ ನೀರು ನಿಲ್ಲಿಸಬೇಕು. ಹೆಚ್ಚು ಗಡ್ಡೆ ಸಾಯುವುದು ಇಲ್ಲಿಯೇ: ಒಣಗಿತಲ್ಲ ಎಂದು ಮರುಕಪಟ್ಟು ಚಳಿಗಾಲದಲ್ಲಿ ನೀರು ಹಾಕುತ್ತಾರೆ, ಗಡ್ಡೆ ಮೆತ್ತಗಾಗಿ ಹುಳಿ ವಾಸನೆ ಹೊಡೆದು ಕೊಳೆಯುತ್ತದೆ. ಜೂನ್‌ವರೆಗೆ ಕುಂಡವನ್ನು ಮಳೆ ತಾಗದ ಜಗಲಿಯಲ್ಲಿ ಒಣಗಿಸಿಯೇ ಇಡಬೇಕು. ಹಿಟ್ಟು ತಿಗಣೆ ಬುಡದಲ್ಲಿ ಸೇರಿದ್ದರೆ ಬಿಳಿ ಹತ್ತಿಯಂತೆ ಕಾಣುತ್ತದೆ, ಸಾಬೂನು ನೀರಲ್ಲಿ ಅದ್ದಿದ ಕುಂಚದಿಂದ ತೊಡೆಯಬಹುದು.

ಮರಡಿಗೆ ಮರಳಿಸುವುದು ಎರಡು ಮಳೆಗಾಲ ಕುಂಡದಲ್ಲಿ ಕಳೆದ ಗಡ್ಡೆಯನ್ನು ಮಾತ್ರ. ಮೊದಲ ಹದ ಮಳೆಯ ನಂತರ, ಒತ್ತಾದ ಮುಳ್ಳುಕಂಟಿಯ ಬುಡದಲ್ಲಿ, ನೀರು ಹರಿದು ಬರುವ ಕಡೆ ಬಿಟ್ಟು ಪಕ್ಕದಲ್ಲಿ, ಸುಮಾರು 5 ಸೆಂ.ಮೀ. ಆಳಕ್ಕೆ. ಗಡ್ಡೆಯ ಮೇಲ್ಮೈಯಲ್ಲಿ ಹಳೆಯ ಕಾಂಡದ ಗುರುತು ಇರುತ್ತದೆ, ಅದು ಮೇಲಕ್ಕೆ ಬರಬೇಕು. ಬೀಜ ತೆಗೆದ ಮರಡಿಗೇ ಗಡ್ಡೆ ಹೋಗಬೇಕು. ಬೀದರ್‌ನದನ್ನು ಯಾದಗಿರಿಗೆ, ಯಾದಗಿರಿಯದನ್ನು ಚಿಂಚೋಳಿಗೆ ಬೆರೆಸಬಾರದು. ಒಂದೆಡೆ ಕನಿಷ್ಠ ಹತ್ತು ಹದಿನೈದು ಗಡ್ಡೆಗಳನ್ನು, ಬೇರೆಬೇರೆ ತಾಯಿಬಳ್ಳಿಯವನ್ನು, ಹತ್ತಿರ ಹತ್ತಿರ ಇಡಬೇಕು. ಊರು ತುಂಬ ಒಂದೊಂದು ಹಂಚಿದರೆ ಹೂ ಬಿಡಬಹುದು, ಕಾಯಿ ಕಟ್ಟಲಾರದು.

ನಾಲ್ಕನೇ ದಿನ: ಯಾದಗಿರಿ ಗುಡ್ಡಗಳು

ಯಾದಗಿರಿ, ಗುರುಮಠಕಲ್, ಶಹಾಪುರ, ಸುರಪುರ: ಇಲ್ಲಿ ಗ್ರಾನೈಟ್ ಬಂಡೆಗಳದೇ ರಾಜ್ಯ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡ ಎಲ್ಲರಿಗೂ ಗೊತ್ತು. ಬಂಡೆಯ ಬಿರುಕಿನಲ್ಲಿ, ಎರಡು ಗುಂಡುಗಳ ನಡುವಿನ ಸಂದಿಯಲ್ಲಿ ಕೂಡಿದ ಮಣ್ಣೇ ಇಲ್ಲಿ ತೋಟ. ನೇಗಿಲು ಹೋಗುವುದಿಲ್ಲ, ಜೆಸಿಬಿ ಹತ್ತುವುದಿಲ್ಲ, ಮೇಕೆ ಹತ್ತಿದರೂ ಸಂದಿಗೆ ಬಾಯಿ ಎಟಕುವುದಿಲ್ಲ. ಬೀದರ್ ಬಯಲಲ್ಲಿ ಮುಳ್ಳುಕಂಟಿ ಮಾಡುವ ಕೆಲಸವನ್ನು ಇಲ್ಲಿ ಬಂಡೆಯೇ ಮಾಡುತ್ತದೆ. ಬಿರುಕಿನ ಗುಂಟ, ಬೆಳಗಿನ ಬಿಸಿಲು ಮಾತ್ರ ತಾಗುವ ಪೂರ್ವ ಉತ್ತರದ ಮುಖಗಳನ್ನು ಮೊದಲು ನೋಡಬೇಕು. ಕೈ ಇಡುವ ಮೊದಲು ಸಂದಿಗೆ ಕೋಲು ತಟ್ಟುವುದು ಕಡ್ಡಾಯ. ಗರಗಸ ಮಂಡಲ ಹಾವು ಇಂಥ ಕಲ್ಲುಸಂದಿಯಲ್ಲೇ ಇರುತ್ತದೆ, ಮಣ್ಣಿನ ಬಣ್ಣಕ್ಕೆ ಬೆರೆತು ಕಾಣುವುದಿಲ್ಲ. ಪಾದ ಮುಚ್ಚುವ ಬೂಟು, ದಪ್ಪ ಪ್ಯಾಂಟು ಇಲ್ಲದೆ ಹತ್ತಬಾರದು.

ಬಂಡೆಯ ಬುಡದಲ್ಲಿ ಕಾಣುವ ಇನ್ನೊಂದು ಗಿಡ ಮಾಂಗನಕೋಡು, ಅಂದರೆ ಕರಲುಮಾ. ಎಲೆಯಿಲ್ಲದ, ನಾಲ್ಕು ಏಣಿನ ರಸಕಾಂಡ. ಹಸಿವು ತಗ್ಗಿಸಿ ಮೈ ಇಳಿಸುವ ಮಾತ್ರೆಗಳಿಗೆಂದು ಇದರ ಸಾರ ಮಾರುಕಟ್ಟೆಗೆ ಬಂದ ಮೇಲೆ ಕಾಡಿನ ಕಾಂಡಕ್ಕೂ ಕೊಳ್ಳುವವರು ಹುಟ್ಟಿಕೊಂಡರು. ಕಂದೀಲು ಹೂವಿನ ಹತ್ತಿರದ ನಂಟು ಇದು. ಅದೇ ಕುಟುಂಬ, ನೊಣಗಳಿಂದಲೇ ಪರಾಗಸ್ಪರ್ಶ. ಬುಡದ ಗೇಣುದ್ದ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಕಿತ್ತರೆ ಆ ಸಂದಿ ಖಾಲಿ.

ಗ್ರಾನೈಟ್ ಗುಡ್ಡಗಳನ್ನು ಸೋಲಿಸುವುದು ಎರಡೇ: ಜಲ್ಲಿ ಕ್ರಷರ್ ಮತ್ತು ಬೆಂಕಿ. ಕ್ರಷರ್ ಬಂದ ಗುಡ್ಡದ ಲೆಕ್ಕ ಅಲ್ಲಿಗೆ ಮುಗಿಯಿತು. ಬೆಂಕಿಯಲ್ಲಿ ಸ್ವಲ್ಪ ಬಗೆ ಇದೆ. ಏಪ್ರಿಲ್ ಮೇ ತಿಂಗಳಲ್ಲಿ ಹುಲ್ಲು ಉರಿದರೆ ಮಣ್ಣಿನೊಳಗೆ ಮಲಗಿದ ಗಡ್ಡೆಗೆ ಏನೂ ಆಗುವುದಿಲ್ಲ, ಆದರೆ ಮೇಲ್ಮೈಯಲ್ಲಿ ಬಿದ್ದ ಬೀಜ ಸುಡುತ್ತದೆ, ಆಸರೆ ಕಂಟಿ ಬುಡದವರೆಗೆ ಹೋಗುತ್ತದೆ. ಮಳೆಗಾಲದಲ್ಲಿ ಎದ್ದ ಬಳ್ಳಿಗೆ ಸುತ್ತಲು ಏನೂ ಸಿಗದೆ ನೆಲದ ಮೇಲೆ ಹರಿದು ಮೊದಲ ಮೇಕೆಯ ಬಾಯಿಗೆ ಬೀಳುತ್ತದೆ. ನವೆಂಬರ್ ಡಿಸೆಂಬರ್‌ನಲ್ಲಿ ಹಚ್ಚಿದ ಬೆಂಕಿ ಇನ್ನೂ ಕೆಟ್ಟದ್ದು, ಏಕೆಂದರೆ ಆಗ ಕಾಯಿ ಒಡೆದು ಬೀಜ ಆಗಷ್ಟೇ ನೆಲ ಸೇರಿರುತ್ತದೆ.

ದಿನದ ಕೊನೆಯ ಕೆಲಸ ಗುಡ್ಡದ ಮೇಲಲ್ಲ, ಗ್ರಾಮ ಪಂಚಾಯಿತಿಯಲ್ಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಸಬೇಕು. ಕಂದೀಲು ಹೂವಿರುವ ಮರಡಿ ಬಹುಪಾಲು ಗಾಯರಾಣ, ಅಂದರೆ ಊರಿನ ದನಕರು ಮೇಯಲು ಬಿಟ್ಟ ಸರ್ಕಾರಿ ಜಾಗ. ದಾಖಲೆಯಲ್ಲಿ ಏನೂ ಬರೆದಿಲ್ಲದ ಗಾಯರಾಣವನ್ನು ಯಾವ ಯೋಜನೆಗಾದರೂ ಕೊಡುವುದು ಸುಲಭ. ಹೂವಿನ ಹೆಸರು, ಅರಳುವ ತಿಂಗಳು, ಸರ್ವೆ ನಂಬರ್, ಚೌಕದ ಎಣಿಕೆ, ಮೇಯಿಸದೆ ಬಿಡಬೇಕಾದ ವಾರಗಳು, ಇಷ್ಟು ಬರೆದ ಒಂದು ಪುಟವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಕೊಟ್ಟು, ಸ್ವೀಕೃತಿ ಪಡೆದು, ಮುಂದಿನ ಸಭೆಯ ನಡಾವಳಿಯಲ್ಲಿ ಸೇರಿಸುವಂತೆ ಕೇಳಬೇಕು. ಸರ್ವೆ ನಂಬರ್ ಪಂಚಾಯಿತಿಯ ಪ್ರತಿಯಲ್ಲಿ ಮಾತ್ರ ಇರಲಿ, ಹೊರಗೆ ಹಂಚುವ ಪ್ರತಿಯಲ್ಲಿ ಬೇಡ. ಸಭೆಗೆ ಕುರಿಗಾಹಿಗಳಲ್ಲಿ ಒಬ್ಬರಾದರೂ ಬರುವಂತೆ ನೋಡಿಕೊಂಡರೆ ಮೇಯಿಸುವ ವಾರಗಳ ಮಾತು ಕಾಗದದಲ್ಲೇ ಉಳಿಯುವುದಿಲ್ಲ.

ಕಾಯಿ ಎಣಿಸಲು ಇದೇ ದಾರಿಯಲ್ಲಿ ಅಕ್ಟೋಬರ್ ಎರಡನೇ ವಾರದ ನಂತರ ಮತ್ತೊಮ್ಮೆ ಬರಬೇಕು, ಹಿಂಗಾರು ಮಳೆ ತಡವಾದ ವರ್ಷ ಒಂದು ವಾರ ಮುಂಚೆ. ಆಗ ಬಳ್ಳಿಯ ಎಲೆ ಅರ್ಧ ಉದುರಿರುತ್ತದೆ, ಹೂವಿನ ಕಾಲದಲ್ಲಿ ಕಂಟಿಯೊಳಗೆ ತಪ್ಪಿಸಿಕೊಂಡ ಬಳ್ಳಿಗಳೂ ಜೋಡಿಕಾಯಿಯಿಂದ ಗುರುತು ಸಿಗುತ್ತವೆ. ಆ ಎಣಿಕೆಯನ್ನು ಬೇರೆ ಬಣ್ಣದ ಶಾಯಿಯಲ್ಲಿ ಅದೇ ಚೌಕದ ಪುಟದಲ್ಲಿ ಬರೆದಿಡಬೇಕು.